ಮೂರನೇ ಕಂಬದ ಸುತ್ತು

ನಮ್ಮ ಕೆಥೆಡ್ರಲಿಗೆ ಒಂಬೈನೂರು ವರ್ಷ, ವಿಲ್ಫ್ ಹಾರ್ಗ್ರೀವ್‌ಗೆ ಎಪ್ಪತ್ತೊಂದು. ಪಕ್ಕಪಕ್ಕದಲ್ಲಿ ನೋಡಿದರೆ ಯಾರು ಹಿರಿಯರೆಂದು ಹೇಳುವುದು ಕಷ್ಟ. ಬೆಳ್ಳಿಯ ಕೋಲು ಹಿಡಿದು ಭಾನುವಾರದ ಮೆರವಣಿಗೆಯ ಮುಂದೆ ನಡೆಯುವುದು ಅವನ ಕೆಲಸ. ಅವನು ಹೋದ ದಾರಿಯಲ್ಲೇ ಗಾಯಕವೃಂದದ ನಾವು, ಪಾದ್ರಿಗಳು, ಕೊನೆಗೆ ಬಿಷಪ್ಪರೂ ಮರುಮಾತಿಲ್ಲದೆ ನಡೆಯಬೇಕು. ಕೋಲನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ.

ಮೂರನೇ ಕಂಬದ ಬಳಿ ವಿಲ್ಫ್ ನೇರ ಹೋಗದೆ ಎಡಕ್ಕೆ ಅರ್ಧ ಸುತ್ತು ಹಾಕುತ್ತಿದ್ದ. ಅಲ್ಲಿ ಯಾರೋ ಸಂತ ಕುಸಿದು ಸತ್ತನೆಂದೂ ಆ ಜಾಗ ತುಳಿಯಬಾರದೆಂದೂ ನಮ್ಮ ಗೈಡುಗಳು ಪ್ರವಾಸಿಗರಿಗೆ ಹೇಳುತ್ತಿದ್ದರು. ನಾಚಿಕೆಗೇಡು, ನಾನೂ ಅಲ್ಲಿ ತಲೆ ಬಾಗಿಸುತ್ತಿದ್ದೆ.

ಕೆಥೆಡ್ರಲಿನ ಯಜಮಾನಿಕೆಗೆ ಹೊಸದಾಗಿ ಬಂದ ಡೀನ್ ಫಿಲಿಪ್ಪಾ ಇದನ್ನು ನೋಡಿ, ಮುದುಕನಿಗೆ ಕಣ್ಣು ಮಂಜಾಗಿದೆ ಎಂದುಕೊಂಡರು. ಟೀ ಹೊತ್ತಿನಲ್ಲಿ ನನ್ನೆದುರೇ ಕೇಳಿಬಿಟ್ಟರು.

“ಯಾಕ್ರೀ ವಿಲ್ಫ್, ಅಲ್ಲಿ ವಾಲ್ತೀರಿ? ಕಣ್ಣು ಕಾಣಲ್ಲ ಅಂದ್ರೆ ಕೋಲು ಬೇರೆಯವರಿಗೆ ಕೊಟ್ಟು ಆರಾಮಾಗಿರಿ.”

ವಿಲ್ಫ್ ಟೀ ಕಪ್ಪು ಕೆಳಗಿಟ್ಟ. ಹೆಂಡತಿ ಹೋದ ಮೇಲೆ ಅವನಿಗೆ ಉಳಿದದ್ದು ಆ ಕೋಲೊಂದೇ. ಸಂತನ ಹೆಸರು ಹೇಳಿದ್ದರೆ ಬಚಾವಾಗುತ್ತಿದ್ದ, ಆದರೆ ಸುಳ್ಳು ಹೇಳಲು ಬಾರದ ಪ್ರಾಣಿ.

“ಕಣ್ಣು ಚೆನ್ನಾಗಿದೆ ಮೇಡಂ. ಅಲ್ಲಿ ಬಕೆಟ್ ಇತ್ತು.”

“ಯಾವ ಬಕೆಟ್ಟು?”

“ಮಾಡು ಸೋರ್ತಿತ್ತಲ್ಲ, ಅದಕ್ಕಿಟ್ಟಿದ್ದು. ಮೂವತ್ತು ವರ್ಷ ಆಯ್ತು. ರಿಪೇರಿ ಮಾಡಿ ಬಕೆಟ್ ತೆಗೆದ್ರು. ಇನ್ಮೇಲೆ ನೇರ ಹೋಗು ಅಂತ ನಂಗ್ಯಾರೂ ಹೇಳ್ಲಿಲ್ಲ.”

ನನ್ನ ಬಾಯಲ್ಲಿದ್ದ ಟೀ ಮೇಜಿನ ಮೇಲಾಯಿತು. ಡೀನ್ ಮಾತ್ರ ನಗಲಿಲ್ಲ.

“ಬರೋ ಭಾನುವಾರ ನೇರ ನಡೀರಿ. ಒಂದಡಿ ವಾಲಿದ್ರೂ ಕೋಲು ನನ್ನ ಕೈಗೆ ಕೊಡ್ಬೇಕು.”

ಭಾನುವಾರ ಬೆಳಗಿನಿಂದ ಜಡಿಮಳೆ. ಮೂರನೇ ಕಂಬ ಬಂತು. ವಿಲ್ಫ್‌ನ ಕಾಲು ಎಡಕ್ಕೆಳೆಯಿತು. ಹಲ್ಲು ಕಚ್ಚಿ ನೇರ ನಡೆದ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹಾಡು ಒಂದು ಸಾಲು ತಪ್ಪಿತು. ನಮ್ಮ ಹಿಂದೆ ಬಿಷಪ್ಪರು ಆ ಜಾಗಕ್ಕೆ ಕಾಲಿಟ್ಟರು. ಮಾಡಿನ ಮೂವತ್ತು ವರ್ಷ ಹಳೆಯ ರಿಪೇರಿ ಅದೇ ಗಳಿಗೆಯಲ್ಲಿ ಕೈಕೊಟ್ಟಿತು. ನೀರು ನೇರವಾಗಿ ಅವರ ತಲೆಯ ಮೇಲಿನ ಎತ್ತರದ ಕಿರೀಟದ ನಡುಸೀಳಿನೊಳಕ್ಕೇ ಇಳಿಯಿತು. ಅವರ ಬಾಯಿಂದ ಬಂದದ್ದು ಖಂಡಿತ ಪ್ರಾರ್ಥನೆಯಲ್ಲ.

ಮರುದಿನ ಡೀನ್ ತಾವೇ ಬಕೆಟ್ ಹೊತ್ತು ತಂದು ಕಂಬದ ಬಳಿ ಇಟ್ಟರು.

“ಕೋಲು ನಿಮ್ಮ ಹತ್ರಾನೇ ಇರ್ಲಿ, ವಿಲ್ಫ್. ಎಡಕ್ಕೇ ಹೋಗಿ.”

ವಿಲ್ಫ್ ಕೋಲನ್ನು ಅಂಗಿಯ ತೋಳಿನಿಂದ ಒರೆಸಿದ.

“ಆಗ್ಲಿ ಮೇಡಂ. ಈ ಸಲ ಬಕೆಟ್ ತೆಗೆದಾಗ ನಂಗೂ ಒಂದ್ಮಾತು ಹೇಳಿ.”