ಹೆಗಲ ಚೀಲಕ್ಕೊಂದು ಸೀಟು

ಇದನ್ನು ಬರೆಯಬೇಕೆಂದು ಕೂತದ್ದು ಇದು ಎಷ್ಟನೆಯ ಸಲವೋ ನನಗೇ ನೆನಪಿಲ್ಲ. ಪ್ರತಿ ಸಲವೂ ಚೀಲದ ವಿಷಯದಿಂದ ಶುರು ಮಾಡುತ್ತೇನೆ. ಚೀಲದ ವಿಷಯ ಮುಗಿಯುವಷ್ಟರಲ್ಲಿ ಕಾಫಿಯ ಹೊತ್ತಾಗುತ್ತದೆ, ಎದ್ದುಬಿಡುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಮೂರು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಈ ಸಲವೂ ಚೀಲದಿಂದಲೇ ಶುರು ಮಾಡುತ್ತೇನೆ, ಬೇರೆ ದಾರಿ ನನಗೆ ಗೊತ್ತಿಲ್ಲ. ಆದರೆ ಕಾಫಿ ಕುಡಿದೇ ಕೂತಿದ್ದೇನೆ.

ಚೀಲ ಅಂದರೆ ಕ್ಯಾಮೆರಾವನ್ನೂ ಅದರ ಲೆನ್ಸುಗಳನ್ನೂ ತುಂಬಿಕೊಂಡು ಹೆಗಲಿಗೆ ಹಾಕಿಕೊಳ್ಳುವ ಚೀಲ. ನೈರೋಬಿಯ ಕನ್ನಡಿಗರಲ್ಲಿ ಯಾರು ಹೊಸದಾಗಿ ಕ್ಯಾಮೆರಾ ತೆಗೆದುಕೊಂಡರೂ ಚೀಲಕ್ಕೆ ನನ್ನ ಹತ್ತಿರ ಬರುತ್ತಾರೆ. ಕ್ಯಾಮೆರಾದ ಬಗ್ಗೆ ಕೇಳುವುದಿಲ್ಲ, ಅದಕ್ಕೆ ಅವರಿಗೆ ಇಂಟರ್‌ನೆಟ್ ಇದೆ. ಫೋಟೋ ತೆಗೆಯುವುದರ ಬಗ್ಗೆಯಂತೂ ಕೇಳುವುದೇ ಇಲ್ಲ. ಬೆಂಗಳೂರಿನಿಂದ ಕಂಪನಿಯವರು ಕಳಿಸಿದ ಬ್ಯಾಂಕಿನವರು, ಟೆಲಿಕಾಂ ಇಂಜಿನಿಯರುಗಳು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ಸೌತ್ ಸಿ ಬಡಾವಣೆಯ ನಮ್ಮ ಮನೆಗೆ ಬಂದು, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನ್ನೆದುರು ಕೂತು, "ಅಂಕಲ್, ಸೈಡ್ ಪಾಕೆಟ್ ಇರ್ಬೇಕಾ, ಬೇಡ್ವಾ?" ಎಂದು ಕೇಳುತ್ತಾರೆ. ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ಸೂರು ನೋಡುತ್ತೇನೆ. ಡಾಕ್ಟರುಗಳು ನನಗೆ ಹಾಗೇ ಮಾಡಿದ್ದಾರೆ, ಅವರಿಂದಲೇ ಕಲಿತದ್ದು.

ನಾನು ಇಲ್ಲಿಗೆ ಬಂದದ್ದು ಔಷಧದ ಬಾಟಲಿಗೆ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಅಚ್ಚು ಕೂರಿಸುವ ಕೆಲಸಕ್ಕೆ. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೆ ಮುಚ್ಚಳ ಕೂರುವುದಿಲ್ಲ. ಇಡೀ ಆಯುಷ್ಯ ಒಂದರೊಳಗೆ ಇನ್ನೊಂದು ಸರಿಯಾಗಿ ಕೂತಿತೇ ಎಂದು ನೋಡುತ್ತ ಬಂದವನಿಗೆ ಚೀಲದೊಳಗೆ ಲೆನ್ಸು ಕೂರುವ ರೀತಿಯ ಬಗ್ಗೆ ಒಂದು ಅಭಿಪ್ರಾಯ ಇರುವುದು ಸಹಜವೇ. ನಿವೃತ್ತನಾದಾಗ ಜೊತೆಯವರೆಲ್ಲ ಸೇರಿ ಕ್ಯಾಮೆರಾ ಕೊಟ್ಟರು. ಕ್ಯಾಮೆರಾದ ಜೊತೆ ಒಂದು ಚೀಲವೂ ಬಂತು. ಅದರ ಮೇಲೆ ಕಂಪನಿಯ ಹೆಸರು ಅರ್ಧ ಮೈಲಿಗೆ ಕಾಣುವಷ್ಟು ದೊಡ್ಡ ಹಳದಿ ಅಕ್ಷರದಲ್ಲಿತ್ತು. ಅದನ್ನು ಹಾಕಿಕೊಂಡು ಮಟಾಟು ಹತ್ತಿದ ದಿನ, ಬಸ್ಸಿನ ಕಂಡಕ್ಟರೇ ನನ್ನ ಕಿವಿಯ ಹತ್ತಿರ ಬಂದು, "ಮ್ಜೀ, ಇದರ ಮೇಲೆ ಒಂದು ಸ್ವೆಟರ್ ಹೊದಿಸು" ಎಂದ. ಮ್ಜೀ ಅಂದರೆ ಹಿರಿಯ, ಯಜಮಾನ. ಇಲ್ಲಿ ತಲೆ ನರೆತ ಗಂಡಸಿಗೆಲ್ಲ ಆ ಗೌರವ ಸಿಗುತ್ತದೆ. ಕಳ್ಳರೂ ಕೊಡುತ್ತಾರೆ ಎಂದು ಕೇಳಿದ್ದೇನೆ.

ಅಲ್ಲಿಂದ ನನ್ನ ಚೀಲದ ಹುಡುಕಾಟ ಶುರುವಾಯಿತು. ಆರು ಚೀಲಗಳನ್ನು ಒಂದಾದ ಮೇಲೊಂದು ತಂದೆ. ಒಂದು ಹೆಗಲಿನಿಂದ ಜಾರುತ್ತಿತ್ತು. ಇನ್ನೊಂದು ನೆಲಕ್ಕಿಟ್ಟರೆ ಕುಡಿದವನ ಹಾಗೆ ಪಕ್ಕಕ್ಕೆ ಮಲಗಿಬಿಡುತ್ತಿತ್ತು. ಮತ್ತೊಂದರ ಮುಚ್ಚಳಕ್ಕೆ ಪರ್ರನೆ ಕಿತ್ತುಬರುವ ಅಂಟುಪಟ್ಟಿ. ಒಂದು ಸಲ ತೆಗೆದರೆ ಸಾಕು, ಸುತ್ತಲಿನ ಹಕ್ಕಿಗಳೆಲ್ಲ ಖಾಲಿ. ನಾಲ್ಕನೆಯದು ಮಳೆಗೆ ನೆನೆಯುತ್ತಿರಲಿಲ್ಲ, ಆದರೆ ಅದರೊಳಗೆ ಒಮ್ಮೆ ಹೋದ ನೀರು ಹೊರಗೂ ಬರುತ್ತಿರಲಿಲ್ಲ. ನನ್ನ ಹೆಂಡತಿ ಸರೋಜ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಅಂದಳು: "ರೀ, ನನ್ನ ನೋಡೋಕೆ ಬಂದಾಗ ನೀವು ಉಪ್ಪಿಟ್ಟು ತಿಂದು ಹತ್ತೇ ನಿಮಿಷಕ್ಕೆ ಒಪ್ಕೊಂಡು ಎದ್ರಿ. ಚೀಲಕ್ಕೆ ಮಾತ್ರ ವರ್ಷಗಟ್ಟಲೆ!"

"ನಿನ್ನನ್ನ ಹೆಗಲಿಗೆ ಹಾಕ್ಕೋಬೇಕಿರ್ಲಿಲ್ವಲ್ಲೇ," ಎಂದೆ.

"ನಾನೇ ನಿಮ್ಮನ್ನ ಹಾಕ್ಕೊಂಡಿದ್ದೀನಿ ಬಿಡಿ," ಎಂದಳು.

ಚೀಲದ ವಿಷಯದಲ್ಲಿ ನನ್ನ ಪಾಂಡಿತ್ಯ ಎಲ್ಲಿಂದ ಬಂತೆಂದು ಯೋಚಿಸಿದರೆ ನನ್ನಜ್ಜಿಯ ಎಲೆಅಡಿಕೆ ಸಂಚಿ ನೆನಪಾಗುತ್ತದೆ. ಎಲೆಗೆ ಒಂದು ಮನೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಮೂಲೆಯಲ್ಲಿ ಇನ್ನೊಂದು. ಯಾವುದೂ ಇನ್ನೊಂದಕ್ಕೆ ತಗಲುವಂತಿಲ್ಲ, ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದೇ ಬೆರಳಿಗೆ ಸಿಗಬೇಕು. ಕ್ಯಾಮೆರಾ ಚೀಲದ ಒಳಗಿನ ಮೆತ್ತನೆಯ ಅಡ್ಡಗೋಡೆಗಳನ್ನು ಕಂಡುಹಿಡಿದವರು ಯಾರೇ ಆಗಿರಲಿ, ನನ್ನಜ್ಜಿಗಿಂತ ಹಿಂದಿನವರಾಗಿರಲಾರರು. ಇನ್ನು ಹಸಿಬೆ ಚೀಲ. ನಡುವೆ ಬಾಯಿ, ಎರಡು ಕಡೆ ಹೊಟ್ಟೆ. ಹೆಗಲ ಮೇಲೆ ಹಾಕಿಕೊಂಡರೆ ಎದೆಗಷ್ಟು, ಬೆನ್ನಿಗಷ್ಟು ಭಾರ ಹಂಚಿಹೋಗಿ ಮನುಷ್ಯ ನೆಟ್ಟಗೆ ನಡೆಯುತ್ತಾನೆ. ಈಗಿನ ಹೆಗಲ ಚೀಲ ಎಲ್ಲ ಭಾರವನ್ನೂ ಒಂದೇ ಕಡೆ ಹಾಕುತ್ತದೆ. ನನ್ನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿದೆ. ಕನ್ನಡಿಯ ಮುಂದೆ ನಿಂತು ಅದನ್ನು ನೋಡಿಕೊಳ್ಳುವಾಗ ನನಗೆ ಬೇಸರವಾಗುವುದಿಲ್ಲ, ಕುಸ್ತಿಯವನಿಗೆ ಮುರಿದ ಕಿವಿ ನೋಡಿಕೊಂಡಾಗ ಆಗುವಂಥದ್ದೇ ಏನೋ ಆಗುತ್ತದೆ.

ಏಳನೆಯ ಚೀಲ ಸಿಕ್ಕಿದ್ದು ವೆಸ್ಟ್‌ಲ್ಯಾಂಡ್ಸ್‌ನ ಒಂದು ಅಂಗಡಿಯಲ್ಲಿ. ಕ್ಯಾಮೆರಾ, ಮೂರು ಲೆನ್ಸು ಎಲ್ಲವನ್ನೂ ಸರೋಜಳ ಟವೆಲಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದೆ. ಖಾಲಿ ಚೀಲವನ್ನು ಹೆಗಲಿಗೆ ಹಾಕಿ ನೋಡುವುದು ಹಸಿವಿಲ್ಲದಾಗ ಹೋಟೆಲಿಗೆ ಅಂಕ ಕೊಟ್ಟ ಹಾಗೆ. ತುಂಬಿಸಿ, ಹಾಕಿಕೊಂಡು, ಅಂಗಡಿಯ ಒಳಗೇ ನಡೆದೆ, ಬಗ್ಗಿದೆ, ಮೊಣಕಾಲೂರಿ ಕೂತೆ. ಅಂಗಡಿಯ ಹೆಣ್ಣುಮಗಳು ಮೊದಲು ನಕ್ಕಳು, ಆಮೇಲೆ ಕುರ್ಚಿ ತಂದುಕೊಟ್ಟಳು. ಖಾಕಿ ಬಣ್ಣದ ದಪ್ಪ ಕ್ಯಾನ್ವಾಸು, ಅಗಲವಾದ ಪಟ್ಟಿ, ಮೈಯಿಂದ ಹೊರಗಡೆಗೆ ತೆರೆಯುವ ಮುಚ್ಚಳ. ನೆಲಕ್ಕಿಟ್ಟರೆ ಪೊಲೀಸಿನವನ ಹಾಗೆ ನಿಲ್ಲುತ್ತದೆ. ನೋಡಿದವರಿಗೆ ಇದರೊಳಗೆ ಕೊಳಾಯಿ ರಿಪೇರಿಯ ಸಾಮಾನಿದೆ ಅನ್ನಿಸಬೇಕು. ಹಾಗೇ ಅನ್ನಿಸುತ್ತದೆ. ಆವತ್ತು ಮನೆಗೆ ಬಂದಾಗ ನನ್ನಷ್ಟು ಸಂತೋಷವಾಗಿದ್ದ ಮನುಷ್ಯ ನೈರೋಬಿಯಲ್ಲಿ ಇನ್ನೊಬ್ಬನಿರಲಿಲ್ಲ.

ಆ ಸಂತೋಷದಲ್ಲೇ ನಾನು ಒಂದು ಮಾತು ಕೊಟ್ಟೆ.

ನಮ್ಮ ಮನೆಗೆಲಸಕ್ಕೆ ಆಗ ಒಬ್ಬ ಹೆಂಗಸು ಬರುತ್ತಿದ್ದಳು. ಮಕ್ಕಳಿರುವ ಹೆಂಗಸನ್ನು ಮಗುವಿನ ಹೆಸರು ಹಿಡಿದು ಕರೆಯುವುದು ಈ ದೇಶದ ರೂಢಿ. ಆಕೆಯ ಮಗ ಕೆವಿನ್, ಆದ್ದರಿಂದ ಆಕೆ ಮಾಮಾ ಕೆವಿನ್. ಎಂಟು ವರ್ಷ ನಮ್ಮಲ್ಲಿ ಕೆಲಸ ಮಾಡಿದಳು. ಚಪಾತಿ ನಮಗಿಂತ ಚೆನ್ನಾಗಿ ಲಟ್ಟಿಸುತ್ತಿದ್ದಳು, ಸಾರಿಗೆ ಒಗ್ಗರಣೆ ಹಾಕಿ ಸೀನುತ್ತಿದ್ದಳು. ಹೊಸ ಚೀಲವನ್ನು ಮೊದಲು ತೋರಿಸಿದ್ದೂ ಆಕೆಗೇ. ಸರೋಜಳಿಗೆ ತೋರಿಸುವ ಧೈರ್ಯ ಇರಲಿಲ್ಲ. ಆಕೆ ಪಟ್ಟಿಯನ್ನು ಎಳೆದು ನೋಡಿ, ಹೊಲಿಗೆ ಗಟ್ಟಿಯಿದೆ ಎಂದಳು. "ಇದನ್ನು ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ, ಮ್ಜೀ?"

"ಪಾರ್ಕಿಗೆ. ಸಿಂಹ ನೋಡೋಕೆ. ನೀನು ನೋಡಿದ್ದೀಯಲ್ಲ?"

ನೋಡಿರಲಿಲ್ಲ. ನಮ್ಮ ಊರಿನ ಪಕ್ಕದಲ್ಲೇ ಸಿಂಹದ ಕಾಡಿದೆ, ಬೇಲಿಯ ಈಚೆ ಲಾರಿಗಳು, ಆಚೆ ಜಿರಾಫೆಗಳು. ಆಕೆ ನೈರೋಬಿಗೆ ಬಂದು ಹನ್ನೆರಡು ವರ್ಷದಿಂದ ಬೇಲಿಯ ಈಚೆ ಓಡಾಡಿಕೊಂಡಿದ್ದಳು. ಒಳಗೆ ಹೋಗಲು ಕಾರು ಬೇಕು, ಕಾರಿದ್ದವರ ಸಂಗ ಬೇಕು. "ನಮ್ಮ ಸಿಂಹವನ್ನು ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ನಾನು ಟೀವಿಯಲ್ಲಿ ನೋಡಿದ್ದೀನಿ," ಎಂದು ನಕ್ಕಳು. ನಾನು ಹೆಗಲ ಮೇಲಿನ ಚೀಲವನ್ನು ಸರಿಮಾಡಿಕೊಳ್ಳುತ್ತ, ದೊಡ್ಡ ಮನುಷ್ಯನ ಗತ್ತಿನಲ್ಲಿ, "ಈ ಭಾನುವಾರ ನಮ್ಮ ಜೊತೆ ಬಾ. ನಾನು ತೋರಿಸ್ತೀನಿ," ಎಂದೆ.

ಭಾನುವಾರ ಬೆಳಿಗ್ಗೆ ಆರಕ್ಕೇ ಆಕೆ ಬಂದಿದ್ದಳು. ಚರ್ಚಿಗೆ ಹಾಕಿಕೊಳ್ಳುವ ನೀಲಿ ಬಟ್ಟೆ, ತಲೆಗೆ ಬಿಳಿ ಟೋಪಿ. ಚರ್ಚಿನ ಜೊತೆಗಾತಿಯರಿಗೆಲ್ಲ, ಈ ವಾರ ನಾನು ಬರುವುದಿಲ್ಲ, ಸಿಂಹ ನೋಡಲು ಹೋಗುತ್ತಿದ್ದೇನೆ ಎಂದು ಹೇಳಿ ಬಂದಿದ್ದಳಂತೆ. ಕಾರು ನನ್ನ ಸ್ನೇಹಿತ ಮೂರ್ತಿಯದು. ಮುಂದೆ ಮೂರ್ತಿ, ಅವನ ಹೆಂಡತಿ. ಹಿಂದೆ ಒಂದು ಕಿಟಕಿಗೆ ನಾನು, ಇನ್ನೊಂದು ಕಿಟಕಿಗೆ ಸರೋಜ. ನಡುವಿನ ಸೀಟಿನಲ್ಲಿ ನಾನು ಚೀಲ ಇಟ್ಟೆ.

"ರೀ, ಅದನ್ನ ಡಿಕ್ಕೀಲಿ ಇಡಿ. ಅವಳು ಎಲ್ಲಿ ಕೂತ್ಕೋಬೇಕು?"

"ಡಿಕ್ಕೀಲಿ ಇಟ್ರೆ ಲೆನ್ಸು ಬೇಕಾದಾಗ ಏನ್ ಮಾಡ್ಲಿ? ಪಾರ್ಕಲ್ಲಿ ಕೆಳಗೆ ಇಳಿಯಂಗಿಲ್ಲ."

"ತೊಡೆ ಮೇಲೆ ಇಟ್ಕೊಳ್ಳಿ."

"ತೊಡೆ ಮೇಲೆ ಇಟ್ಕೊಂಡ್ರೆ ಕ್ಯಾಮೆರಾ ಹೆಂಗೆ ತಿರುಗಿಸ್ಲಿ?"

"ಕಾಲಡಿ?"

"ಧೂಳು!"

ಮೂರ್ತಿ ಕನ್ನಡಿಯಲ್ಲಿ ನೋಡುತ್ತ, "ಬೇಗ ತೀರ್ಮಾನ ಮಾಡ್ರಪ್ಪಾ, ಬಿಸಿಲೇರಿದ್ರೆ ಸಿಂಹ ಪೊದೆ ಸೇರತ್ತೆ," ಎಂದ. ನಮ್ಮ ಮಾತೆಲ್ಲ ಕನ್ನಡದಲ್ಲಿ ನಡೆದಿತ್ತು. ಆಕೆ ತೆರೆದ ಬಾಗಿಲ ಹತ್ತಿರ ನಿಂತು ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು, ಆಮೇಲೆ ಚೀಲವನ್ನು ನೋಡಿದಳು. ಭಾಷೆ ಬೇಕಾಗಿರಲಿಲ್ಲ. ನಾನು ಸ್ವಾಹಿಲಿಯಲ್ಲಿ, "ಮಾಮಾ, ಗಾಡಿಯಲ್ಲಿ ಜಾಗ ಇಲ್ಲ. ಇನ್ನೊಂದು ಸಲ ಹೋಗೋಣ. ಪೋಲೆ," ಎಂದೆ. ಪೋಲೆ ಎಂಬುದನ್ನು ಇಲ್ಲಿ ಎಡವಿದವನಿಗೂ ಹೇಳುತ್ತಾರೆ, ನೆಗಡಿಯಾದವನಿಗೂ ಹೇಳುತ್ತಾರೆ. ಅಯ್ಯೋ ಪಾಪ ಅಂದ ಹಾಗೆ. ಎಡವಿಸಿದವನು ಹೇಳಬೇಕಾದ ಮಾತು ಬೇರೆ ಇದೆ, ಅದೂ ನನಗೆ ಗೊತ್ತಿತ್ತು.

ಆಕೆ "ಸವಾ, ಮ್ಜೀ," ಎಂದಳು. ಆಯಿತು ಎಂದು. ಹೊರಡುವ ಮುಂಚೆ ಬಾಗಿಲೊಳಗೆ ಬಗ್ಗಿ, ನನ್ನ ಮೊಣಕಾಲಿನ ಮೇಲಿಂದ ಕೈ ಚಾಚಿ, ನಡುವಿನ ಸೀಟಿನ ಬೆಲ್ಟನ್ನು ಎಳೆದು ಚೀಲಕ್ಕೆ ಹಾಕಿದಳು. ಬೀಳದಿರಲಿ ಎಂದು. ಟಕ್ಕೆಂದು ಸದ್ದಾಯಿತು. ಟೋಪಿ ಒಂದು ಕೈಯಲ್ಲಿ ಹಿಡಿದುಕೊಂಡು ಹಿಂದೆ ಸರಿದಳು.

ಸಿಂಹ ಸಿಕ್ಕಿತು, ಹೇಳದೆ ಇರಲಾರೆ. ರಸ್ತೆಯ ಪಕ್ಕದ ಬಂಡೆಯ ಮೇಲೆ ಎಳೆಬಿಸಿಲಲ್ಲಿ ಕೂತು ಆಕಳಿಸಿತು. ಆಕಳಿಕೆಯ ಹಿಂದೆ ದೂರದಲ್ಲಿ ನಗರದ ಎತ್ತರದ ಕಟ್ಟಡಗಳು. ಆ ಫೋಟೋ ನಮ್ಮ ಕನ್ನಡ ಬಳಗದ ಕ್ಯಾಲೆಂಡರಿನಲ್ಲಿ ಬಂತು. ಈಗಲೂ ನೋಡಿದರೆ ಎದೆಯುಬ್ಬುತ್ತದೆ. ಅದನ್ನು ತೆಗೆದದ್ದು ಕ್ಯಾಮೆರಾದಲ್ಲಿ ಬೆಳಿಗ್ಗೆಯೇ ಹಾಕಿಟ್ಟಿದ್ದ ಲೆನ್ಸಿನಿಂದ. ಕಿಟಕಿ ತೆರೆದಿದ್ದ ಕಾರಿನಲ್ಲಿ ಧೂಳಿಗೆ ಹೆದರಿ ಇಡೀ ದಿನ ಲೆನ್ಸು ಬದಲಾಯಿಸಲೇ ಇಲ್ಲ. ಚೀಲದ ಮುಚ್ಚಳವನ್ನು ಒಂದು ಸಲವೂ ತೆಗೆಯಲಿಲ್ಲ. ಬೆಲ್ಟು ಹಾಕಿಕೊಂಡು ಸುಖವಾಗಿ ಕಾಡು ಸುತ್ತಿ ಬಂತು.

ಸೋಮವಾರ ಆಕೆ ಕೆಲಸಕ್ಕೆ ಬಂದಳು, ಮುಖದಲ್ಲಿ ಏನೂ ಇರಲಿಲ್ಲ. ನೆಲ ಒರೆಸಿಯಾದ ಮೇಲೆ, "ಮ್ಜೀ, ಸಿಂಹ ತೋರಿಸು," ಎಂದಳು. ನಾನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಒಂದೊಂದೇ ತೋರಿಸಿದೆ. ಆಕೆ ನೋಡಿದ ಹಾಗೆ ನನ್ನ ಫೋಟೋಗಳನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಸಿಂಹ ರಸ್ತೆಯ ಎಡಕ್ಕಿತ್ತೋ ಬಲಕ್ಕೋ? ಗರ್ಜಿಸಿತೋ? ಕಾರಿಗೂ ಅದಕ್ಕೂ ಎಷ್ಟು ದೂರ? ವಾಸನೆ ಬಂತೋ? ಗೇಟಿನಲ್ಲಿ ಏನು ಕೇಳುತ್ತಾರೆ? ನಾನು ಉಬ್ಬಿಹೋದೆ. ಬೆಳಕು ಹೇಗೆ ಬೀಳುತ್ತಿತ್ತು ಎಂಬುದನ್ನೂ ವಿವರಿಸಿದೆ. ಸಂಜೆ ಸರೋಜಳಿಗೆ, "ನೋಡು, ಕಲೆ ಅಂದ್ರೆ ಏನು ಅಂತ ಅವಳಿಗೆ ಗೊತ್ತು," ಎಂದೆ. ಸರೋಜ ಎದ್ದು ಅಡಿಗೆಮನೆಗೆ ಹೋದಳು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಇನ್ನೊಂದು ಸಲ ಎಂಬುದು ಬರಲಿಲ್ಲ. ಮೂರ್ತಿ ಕಾರು ಮಾರಿದ, ಆಮೇಲೆ ಮಳೆ ಶುರುವಾಯಿತು, ಆಮೇಲೆ ಆಕೆಯ ತಾಯಿ ಹಾಸಿಗೆ ಹಿಡಿದರು. ಆಕೆ ಕೆಲಸ ಬಿಟ್ಟು ಪಶ್ಚಿಮದ ಕಡೆಯ ತನ್ನ ಊರಿಗೆ ಹೋದಳು. ಹೋಗುವಾಗ ನನ್ನ ಕೈಕುಲುಕಿ, ಚೀಲ ಜೋಪಾನ ಎಂದಳು.

ವರ್ಷದ ಮೇಲೆ ಒಂದು ದಿನ ನಾನು ಬ್ಯಾಂಕಿನ ಹೊಸಬನೊಬ್ಬನಿಗೆ ಫೋನಿನಲ್ಲಿ ಚೀಲದ ಲಕ್ಷಣಗಳನ್ನು ಹೇಳುತ್ತಿದ್ದೆ. ಫೋನು ಇಟ್ಟ ಮೇಲೆ ಸರೋಜ ಬಟಾಣಿ ಸುಲಿಯುತ್ತ, ತಲೆಯೆತ್ತದೆ, "ಸೀಟಿನ ವಿಷಯ ಹೇಳ್ಲಿಲ್ಲ ನೀವು," ಎಂದಳು.

"ಯಾವ ಸೀಟು?"

"ಅವಳು ಅಷ್ಟೊಂದು ಯಾಕೆ ಕೇಳಿದ್ಲು ಗೊತ್ತಾ ನಿಮಗೆ, ಆ ಸೋಮವಾರ? ಚರ್ಚಲ್ಲಿ ಎಲ್ರಿಗೂ ಹೇಳ್ಬಿಟ್ಟಿದ್ಲಂತೆ ರೀ. ಹೋಗ್ಲಿಲ್ಲ ಅಂತ ಹೇಳೋಕೆ ನಾಚಿಕೆ. ಮುಂದಿನ ಭಾನುವಾರ ಕೇಳಿದ್ರೆ ಹೇಳೋಕೆ ಬೇಕಿತ್ತು ಅವಳಿಗೆ. ಹೇಳಿದ್ಲಂತೆ. ಎಡಗಡೆ ಬಂಡೆ ಮೇಲೆ ಕೂತಿತ್ತು, ಆಕಳಿಸ್ತು ಅಂತ. ಊರಿಗೆ ಹೋಗೋ ದಿನ ನಕ್ಕೊಂಡೇ ಹೇಳಿದ್ಲು ನಂಗೆ."

ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ದೇವರ ಮನೆಯಂಥ ಜಾಗದಲ್ಲಿ ಒಂದು ಸುಳ್ಳು ಹೇಳಬೇಕಾಗಿ ಬಂದವಳಿಗೆ ಅದರ ವಿವರಗಳನ್ನೆಲ್ಲ ನಾನೇ ಒದಗಿಸಿದ್ದೆ, ಅದೂ ಎಂಥ ಹೆಮ್ಮೆಯಿಂದ!

ಈಗಲೂ ಜನ ಚೀಲದ ಬಗ್ಗೆ ಕೇಳಲು ಬರುತ್ತಾರೆ, ಈಗಲೂ ನಾನು ಸೂರು ನೋಡುತ್ತೇನೆ. ಅಭ್ಯಾಸ ಬಿಟ್ಟಿಲ್ಲ, ನನ್ನ ಚೀಲದಂಥ ಚೀಲ ಈ ಊರಲ್ಲಿಲ್ಲ ಎಂಬ ಅಭಿಮಾನವೂ ಬಿಟ್ಟಿಲ್ಲ. ಒಂದು ಮಾತು ಮಾತ್ರ ಸೇರಿಸಿದ್ದೇನೆ: "ಕೂತಾಗ ತೊಡೆ ಮೇಲೆ ಹಿಡಿಯೋ ಅಷ್ಟೇ ಸಾಮಾನು ತಗೊಂಡು ಹೋಗಿ." ಯಾಕೆ ಅಂಕಲ್ ಎಂದರೆ ಬೆನ್ನಿಗೆ ಒಳ್ಳೆಯದು ಎನ್ನುತ್ತೇನೆ. ಅಷ್ಟು ಹೇಡಿತನ ಇನ್ನೂ ಉಳಿದಿದೆ.

ಆಕೆಯ ನಂಬರು ಸರೋಜಳ ಫೋನಿನಲ್ಲಿದೆ. ಹಬ್ಬಕ್ಕೆ, ಕ್ರಿಸ್‌ಮಸ್ಸಿಗೆ ಇಬ್ಬರೂ ಮಾತಾಡುತ್ತಾರೆ. "ನೀವೇ ಮಾಡಿ ಹೇಳ್ರೀ," ಎಂದು ಅವಳು ಎಷ್ಟೋ ಸಲ ಫೋನು ನನ್ನ ಮುಂದೆ ಹಿಡಿದಿದ್ದಾಳೆ. ಮೊದಲು ಬರೆದುಕೊಳ್ಳುತ್ತೇನೆ ಎಂದು ತಪ್ಪಿಸಿಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ಆಕೆಗೆ ಹೇಳಬೇಕಾದದ್ದನ್ನು ನಿಜವಾಗಿಯೂ ಬರೆಯಲು ಕೂತೆ. 'ಮಾಮಾ ಕೆವಿನ್' ಎಂದು ಬರೆದು ನಿಲ್ಲಿಸಿದೆ. ಆ ಭಾನುವಾರ ಬಿಳಿ ಟೋಪಿ ಹಾಕಿಕೊಂಡು ಬಂದವಳು ಯಾರ ತಾಯಿಯಾಗಿಯೂ ಬಂದಿರಲಿಲ್ಲ, ತನ್ನ ಕಣ್ಣಿನಿಂದ ತಾನೇ ಒಂದು ಸಿಂಹ ನೋಡಬೇಕೆಂದು ಬಂದಿದ್ದಳು. ಕ್ಷಮೆಯನ್ನು ಅವಳ ಮಗನ ವಿಳಾಸಕ್ಕೆ ಹೇಗೆ ಕಳಿಸುವುದು? ಎಂಟು ವರ್ಷ ಅವಳ ಕೈಯ ಚಪಾತಿ ತಿಂದು, ಈ ವಯಸ್ಸಿನಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳ ಸ್ವಂತ ಹೆಸರೇನೆಂದು ಹೆಂಡತಿಯನ್ನು ಕೇಳಿದೆ. ಸರೋಜ ಒಲೆ ಸಣ್ಣ ಮಾಡಿ, ನನ್ನ ಕಡೆ ತಿರುಗಿ, ನಾನು ತಪ್ಪಾಗಿ ಬರೆದುಕೊಳ್ಳದಿರಲೆಂದು ನಿಧಾನವಾಗಿ ಹೇಳಿದಳು: ಬೀಟ್ರಿಸ್ ನೆಕೆಸಾ.