ಬಾಣಂತನ ಮಾಡುವವರ ರಜೆ

ನಮ್ಮ ಮಾಮಾ ಬಾಣಂತಿಯಾಗಿದ್ದರೆಂದು ಮೂಡಲಗಿಯಲ್ಲಿ ಇಂದಿಗೂ ಹೇಳುತ್ತಾರೆ. ಕತೆ ಗೋಕಾಕದ ಪೇಟೆಗೆ ಬರುವಷ್ಟರಲ್ಲಿ ಅವರು ಹತ್ತಿಯ ಅಂಡಿಗೆಯ ಮೇಲೆ ಮಲಗಿ ಹೆರಿಗೆಯ ಬ್ಯಾನಿ ತಿಂದದ್ದೂ ಸೇರಿಕೊಳ್ಳುತ್ತದೆ. ಹುಕ್ಕೇರಿ ಮುಟ್ಟಿದಾಗ ಅವಳಿ ಮಕ್ಕಳು. ಸಂಕೇಶ್ವರದ ಆಚೆ, ಮರಾಠಿಯಲ್ಲಿ, ಅದು ಏನಾಗಿದೆಯೋ ವಿಚಾರಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಇದಕ್ಕೆ ನನ್ನ ತಕರಾರಿದೆ. ಮೊದಲನೆಯದಾಗಿ, ಮಾಮಾ, ಅಂದರೆ ನನ್ನ ಅಕ್ಕನ ಗಂಡ, ನಿಂಬೆಹಣ್ಣು ನಿಲ್ಲಿಸಬಹುದಾದಂಥ ಮೀಸೆಯ ಮನುಷ್ಯ. ಇದು ಪುರಾವೆಯಾಗುವುದಿಲ್ಲ, ಒಪ್ಪಿದೆ. ಎರಡನೆಯದಾಗಿ, ಅಂದು ಅಲ್ಲಿದ್ದ ಕೂಸು ಕೂಸೇ ಅಲ್ಲ, ಸೋರೆಕಾಯಿ. ಮತ್ತು ನಾನು ಅಲ್ಲಿಯೇ ಇದ್ದೆ. ಗದ್ದಲಕ್ಕೆಲ್ಲ ಕಾರಣವಾದ ಅರ್ಜಿಯನ್ನು ಬರೆದವನೇ ನಾನು.

ಅಕ್ಕ, ಮಾಮಾ ಇಬ್ಬರೂ ಮೂಡಲಗಿಯ ಒಂದು ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದರು. ಮಾಮಾ ಎಂಜಿನ್ನಿಗೆ ಎಣ್ಣೆ ಬಿಡುವವರು. ಅಕ್ಕ ಬೀಜ ಬಿಡಿಸುವ ಯಂತ್ರದ ಬಾಯಿಗೆ ಹತ್ತಿ ಒಡ್ಡುವವಳು. ಹಂಗಾಮಿನ ನಡುವೆ ಯಾರಾದರೂ ಮನೆಯಲ್ಲಿ ಉಳಿದರೆ ಪಗಾರವೂ ಇಲ್ಲ, ಜಾಗೆಯೂ ಇಲ್ಲ. ಬಾಗಿಲ ಹೊರಗೆ ಕಾಯುತ್ತ ನಿಂತವರು ಒಳಗೆ ಬಂದುಬಿಡುತ್ತಿದ್ದರು. ಅಕ್ಕನಿಗೆ ಎರಡನೆಯ ಬಸಿರು, ದಿನ ತುಂಬುತ್ತ ಬಂದಿದ್ದವು. ಮೊದಲ ಬಾಣಂತನವನ್ನು ಅವಳ ಅತ್ತೆ ಮಾಡಿದ್ದರು, ಈಗ ಅವರಿರಲಿಲ್ಲ. ತವರಿಗೆ ಕರೆಯೋಣವೆಂದರೆ ನಮ್ಮ ಘೋಡಗೇರಿಯ ಮನೆಯಲ್ಲಿ ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ಹೋದವಳು. ಉಳಿದವರು ಅಪ್ಪ, ನಾನು ಮತ್ತು ಒಂದು ಎಮ್ಮೆ. ಮೂವರಲ್ಲಿ ಹಡೆದ ಅನುಭವ ಎಮ್ಮೆಗೆ ಮಾತ್ರ.

ಹೀಗಿರುವಾಗ ನೀರು ಕಾಯಿಸಿ ಎರೆಯುವವರು ಯಾರು, ಹೊರಸಿನ ಕೆಳಗೆ ಕೆಂಡ ಇಡುವವರು ಯಾರು, ಅಂಟಿನ ಉಂಡಿ ಕಟ್ಟುವವರು ಯಾರು? ಅಕ್ಕನ ಚಿಂತೆ ಇಷ್ಟೇ. ಹಡೆದ ಮೇಲೆ ನಾಲ್ಕು ದಿನ ಬೆನ್ನು ನೆಲಕ್ಕೆ ಹಚ್ಚುವುದು ತನಗೆ ಸಾಧ್ಯವೋ, ಇಲ್ಲವೋ.

ನಾನು ಆಗ ಗೋಕಾಕದ ಹೈಸ್ಕೂಲಿನ ಚರ್ಚಾಕೂಟದಲ್ಲಿ "ಚಕ್ಕಡಿಗಿಂತ ಮೋಟಾರು ಮೇಲು" ಎಂದು ಒಂದು ವಾರ, "ಮೋಟಾರಿಗಿಂತ ಚಕ್ಕಡಿ ಮೇಲು" ಎಂದು ಮರುವಾರ ಗೆದ್ದು, ರಜೆಗೆ ಅಕ್ಕನ ಮನೆಗೆ ಬಂದಿದ್ದೆ. ಇಂಥವನಿಗೆ ಜಿನ್ನಿನ ಸಾವ್ಕಾರರನ್ನು ಒಪ್ಪಿಸುವುದು ಯಾವ ಮಹಾ ಕೆಲಸ?

"ಅರ್ಜಿ ಕೊಡೋಣು," ಎಂದೆ. "ದೊಡ್ಡ ಗಿರಣ್ಯಾಗ ಹಡದಾಕಿಗೆ ಪಗಾರ ಕೊಡಬೇಕಂತ ಮುಂಬೈ ಸರಕಾರ ಕಾಯ್ದೆ ಮಾಡೇತಿ. ನಮ್ಮ ಜಿನ್ನಿನಾಗ ಯಾಕ ಬ್ಯಾಡ?"

"ಒಬ್ಬನ ಅರ್ಜಿ ಚಾ ಕಾಸಾಕ ಉರಿ ಆಗತೈತಿ," ಎಂದರು ಮಾಮಾ. "ಊರ ಮಂದಿ ಹೆಬ್ಬಟ್ಟ ಒತ್ತಬೇಕು ನೋಡು, ವಕೀಲಸಾಹೇಬಾ."

ಬರೆದೆ. ಶುದ್ಧ ಪುಸ್ತಕದ ಕನ್ನಡ: "ಬಾಣಂತನ ಮಾಡುವವರಿಗೆ ಸಂಬಳಸಹಿತ ರಜೆಯನ್ನು ದಯಪಾಲಿಸಿ, ಅವರ ಜಾಗೆಯನ್ನು ಕಾಯ್ದಿಡಬೇಕಾಗಿ ವಿನಂತಿ." ಪ್ರವಾಸ ಮಾಡುವವನು ಪ್ರವಾಸಿ, ಆದ್ದರಿಂದ ಬಾಣಂತನ ಮಾಡುವವಳು ಬಾಣಂತಿ. ನನ್ನ ತರ್ಕ ಇಷ್ಟು ಸ್ವಚ್ಛವಾಗಿತ್ತು. ವ್ಯಾಕರಣದ ಪುಸ್ತಕವೂ ಎದುರಾಡಲಿಲ್ಲ.

ಹೆಬ್ಬೆಟ್ಟು ಕೂಡಿಸಲು ಸಂತೆಗೆ ಹೊರಟೆ. ಗಂಡಸರು, "ನಾವೇನ ಹಡಿಯಾವ್ರೇನೋ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು ಕಳಿಸಿದರು. ಪ್ರಾಯದ ಹೆಂಗಸರು ಕೇಳಿಸಿಕೊಂಡು, ಮುಖ ಮುಖ ನೋಡಿಕೊಂಡು ಮುಂದೆ ಹೋದರು. ಉಳ್ಳಾಗಡ್ಡಿ ಮಾರುವ ಒಬ್ಬ ಮುದುಕಿ ಮಾತ್ರ ತಕ್ಕಡಿ ಕೆಳಗಿಟ್ಟಳು.

"ಇನ್ನೊಮ್ಮಿ ಓದ, ತಮ್ಮಾ. ಬಾಣಂತನ ಮಾಡಾವ್ರಿಗಿ ಅಂತ ಬರದಿ?"

"ಹೌದ್ರಿ."

"ಖರೇನ?"

"ಖರೇನ್ರಿ."

"ತಾ ಇಲ್ಲೆ ಮಸಿ!" ಎಂದವಳೇ ಎರಡೂ ಕೈಯ ಹೆಬ್ಬೆಟ್ಟು ಒತ್ತಿದಳು. ಅಷ್ಟೇ ಅಲ್ಲ, ಬೀಗತಿಯನ್ನು ಕೂಗಿದಳು; ಬೀಗತಿ ತನ್ನ ನೆಗೆಣ್ಣಿಯನ್ನು ಕೂಗಿದಳು. ಬಾಯಲ್ಲಿ ಹಲ್ಲಿಲ್ಲದವರೆಲ್ಲ ನನ್ನ ಸುತ್ತ ನೂಕಾಡತೊಡಗಿದರು. ನನ್ನ ವಾಕ್ಚಾತುರ್ಯ ವಯಸ್ಸಾದವರಿಗೆ ಹೆಚ್ಚು ರುಚಿಸುತ್ತದೆಂದು ನಾನು ತೀರ್ಮಾನಿಸಿದೆ.

ಮರುದಿನ ಸಂಜೆ ಜಿನ್ನು ಬಿಟ್ಟ ಮೇಲೆ ಸಾವ್ಕಾರರ ಪಡಸಾಲೆಗೆ ಹೋದೆವು. ಅವರು ಲೋಡಿಗೆ ಒರಗಿದ್ದರು. ಬಾಜೂಕ್ಕೆ ಅವರ ತಾಯಿ, ಊರಿಗೆಲ್ಲ ಆಯಿ, ಹೆಚ್ಚಲೆಂದು ಸೋರೆಕಾಯಿಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದಳು. ಬಾಗಿಲಲ್ಲಿ ಮಾಮಾ, ಅವರ ಹಿಂದೆ ಅಂಗಳದಲ್ಲಿ ಜಿನ್ನಿನ ಅರ್ಧ ಮಂದಿ, ಅದರಲ್ಲಿ ಅಕ್ಕನೂ. ನಾನು ಗಂಟಲು ಸರಿಮಾಡಿಕೊಂಡು ಅರ್ಜಿ ಓದಿದೆ.

ಮೊದಲು ಮಾತಾಡಿದವಳು ಆಯಿ. "ತಮ್ಮಾ, ಇದು ನನಗೂ ಹತ್ತತೈತೇನೋ?"

"ನಿಮಗ ಹೆಂಗ್ರಿ, ಆಯಿ?"

"ಹೆಂಗಂದ್ರ? ಸೊಸೆಂದ್ರದು, ಹೆಣ್ಣಮಕ್ಕಳದು, ಎಲ್ಲಾರದೂ ಬಾಣಂತನ ಮಾಡಾಕಿ ನಾನು. ತಾರೋ ನನ್ನ ಪಗಾರ!" ಎಂದು ಮಗನ ಮುಂದೆ ಕೈ ಚಾಚಿದಳು.

ಅಂಗಳಕ್ಕೆ ಅಂಗಳವೇ ನಕ್ಕಿತು. ಸಾವ್ಕಾರರು ಕಣ್ಣೀರು ಒರೆಸಿಕೊಂಡರು. "ಎಲಾ ಶಾಣ್ಯಾ! ಹಡದು ಮಲಗಾಕಿ ಬಾಣಂತಿ. ಆಕೀಗೆ ಎರದು, ಉಣಿಸಿ, ಬಾಣಂತನ ಮಾಡಾವ್ರು ಬ್ಯಾರೇ ಮಂದಿ. ನಿನ್ನ ಅರ್ಜ್ಯಾಗ ಬಾಣಂತಿನ ಎಲ್ಲಿ ಅದಾಳೋ?"

ಸಂತೆಯ ಮುದುಕಿಯರೆಲ್ಲ ಒಟ್ಟಿಗೇ ನನ್ನ ಕಣ್ಣ ಮುಂದೆ ಬಂದು ನಿಂತರು. ಆದರೆ ಜಾರಿ ಬಿದ್ದರೆ ಅಲ್ಲೇ ಪದ್ಮಾಸನ ಹಾಕಿ ಕೂತುಬಿಡಬೇಕು, ಚರ್ಚಾಕೂಟ ನನಗೆ ಕಲಿಸಿದ್ದು ಅದನ್ನೇ.

"ಬೇಕಂತನ ಹಂಗ ಬರದೇನ್ರಿ," ಎಂದೆ. "ಎದ್ದು ಕುಂಡ್ರಾಕ ಬಾರದಾಕಿಗೆ ರಜಾ ಒಂದ ಕೊಟ್ಟರ ಏನ ಬಂತು? ನೀರ ಎರಿಯಾವ್ರು ಬೇಕಲ್ಲ? ಅತ್ತಿ ಇಲ್ಲ, ಅವ್ವ ಇಲ್ಲ. ಬಾಣಂತನಾ ಗಂಡನ ಮಾಡಬೇಕು. ಮಾಡಬೇಕಂದ್ರ ಅವನಿಗೂ ಪಗಾರದ ರಜಾ ಬೇಕು."

ಬಾಯಿಂದ ಹೊರಬಿದ್ದ ಮೇಲೆ ನನಗೇ ಇದು ಖರೆ ಅನ್ನಿಸಿತು. ಇಂದಿಗೂ ಅನ್ನಿಸುತ್ತದೆ, ಮರುವಾರ ಇದರ ವಿರುದ್ಧ ಮಾತಾಡಲು ಹೇಳಿದರೆ ನಾನು ಒಲ್ಲೆ.

"ಗಂಡಸು? ಬಾಣಂತನಾ?" ಸಾವ್ಕಾರರು ಮಾಮಾನ ಕಡೆ ತಿರುಗಿದರು. "ಮಾಡ್ತಿಯೇನೋ?"

"ಮಾಡ್ತೇನ್ರಿ," ಎಂದರು ಮಾಮಾ. ಮೀಸೆ ಅಲುಗಲಿಲ್ಲ.

"ಎರದು ತೋರಸ ಹಂಗಾರ," ಎಂದು ಆಯಿ ಸೋರೆಕಾಯಿ ಎತ್ತಿಕೊಟ್ಟಳು.

ಮಾಮಾ ಧೋತರ ಮೇಲೆ ಸರಿಸಿ, ಪಡಸಾಲೆಯಲ್ಲಿ ಕಾಲು ನೀಡಿ ಕೂತು, ಸೋರೆಕಾಯಿಯನ್ನು ಕಾಲ ಮೇಲೆ ಬೋರಲು ಹಾಕಿಕೊಂಡರು. ಆಯಿ ನೀರಿನ ತಂಬಿಗೆ, ಎಣ್ಣೆಯ ಬಟ್ಟಲು ಕೊಟ್ಟಳು.

"ನೆತ್ತಿಗೆ ಎಣ್ಣಿ ಒತ್ತಲಿಲ್ಲ ಯಾಕ?"

"ನೆತ್ತಿ ಯಾ ಕಡೆ ಐತ್ರಿ, ಆಯಿ?"

"ತೊಟ್ಟಿನ ಕಡೆ. ಎಂಜಿನ್ನ ಅಲ್ಲ ಅದು, ಅಷ್ಟ ಎಣ್ಣಿ ಬ್ಯಾಡ! ಹೂಂ, ಕುತಗಿ ಹಿಡಿ. ಈಗ ಮೂಗ ಎಳಿ, ನೆಟ್ಟಗ ಆಗಲಿ."

ಕೂಸಿನ ಮೂಗು ನೀಳವಾಗಲೆಂದು ಎರೆಯುವಾಗ ಮೆಲ್ಲಗೆ ಎಳೆಯುವುದು ವಾಡಿಕೆ. ಮಾಮಾ ಹಿಡಿಯಲು ಸಿಕ್ಕದ್ದನ್ನು ಹಿಡಿದು ಎಳೆದರು. ತೊಟ್ಟು ಕಿತ್ತು ಕೈಗೆ ಬಂತು.

"ಅಯ್ಯ, ಕೂಸಿನ ಮೂಗ ಕಿತ್ತಿಯಲ್ಲೋ ಖೋಡಿ!" ಎಂದು ಆಯಿ ಅವರ ಬೆನ್ನಿಗೆ ಗುದ್ದಿದಳು. "ಇರಲಿ. ಕೈ ಮೆತ್ತಗೈತಿ. ಉಳದಿದ್ದು ನಾ ಕಲಸ್ತೇನಿ."

ಬಾಣಂತಿಯಾದ ಮಾಮಾನ ಕತೆ ಹುಟ್ಟಿದ್ದು ಇಲ್ಲಿ. ಅಂಗಳದ ಹಿಂದಿನ ಸಾಲಿನವರಿಗೆ ನೀಡಿದ ಕಾಲು, ನೀರು ಮತ್ತು ಕೂಗಾಟ ಮಾತ್ರ ತಲುಪಿತ್ತು. ಉಳಿದದ್ದನ್ನು ಅವರು ತಾವೇ ಹಡೆದರು.

ಸಾವ್ಕಾರರು ತಾಯಿಯ ಮುಖ ನೋಡಿ ತೀರ್ಪು ಕೊಟ್ಟರು. "ಆತು. ಅರ್ಜ್ಯಾಗ ಇದ್ದಂಗ ಕೊಡ್ತೇನಿ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮಿಲ್ಲ. ಬಾಣಂತನ ಮಾಡಾವಗ ಪಗಾರದ ರಜಾ. ಬಾಣಂತಿ ಸುದ್ದಿ ಅರ್ಜ್ಯಾಗ ಇಲ್ಲ. ಆಕಿ ಹಂಗಾಮ ಮುಗಿಯೂತನಾ ಕೆಲಸಕ್ಕ ಬರಲಿ."

ಜಯಕಾರವಾಯಿತು. ಯಾರೋ ನನ್ನ ಬೆನ್ನು ಚಪ್ಪರಿಸಿದರು. ನಾನು ಬಾಗಿ ನಮಸ್ಕಾರವನ್ನೂ ಮಾಡಿಬಿಟ್ಟೆ. ಅಷ್ಟರಲ್ಲಿ ಮಂದಿಯನ್ನು ಸರಿಸುತ್ತ ಅಕ್ಕ ಮುಂದೆ ಬಂದಳು. ತಲೆಯ ತುಂಬ ಹತ್ತಿಯ ಎಳೆ, ಒಂದು ಕೈ ಸೊಂಟದ ಮೇಲೆ.

"ಸಾವ್ಕಾರ್ರ, ನಂದೊಂದು ಕೇಳೂದೈತ್ರಿ," ಎಂದಳು. "ಹಡದು ನಾ ಬಂದು ನಿಮ್ಮ ಜಿನ್ನಿನಾಗ ನಿಂತಿರತೇನಿ. ಇವ್ರು ಪಗಾರ ತಗೊಂಡು ಮನ್ಯಾಗ ಕುಂತು ಯಾರ ಬಾಣಂತನ ಮಾಡಬೇಕ್ರಿ?"