ಮುಚ್ಚಪ್ಪನ ಮೂರನೇ ಪುಟ

ನನ್ನ ಭಾವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಮುಚ್ಚಪ್ಪ ಎನ್ನುತ್ತಾರೆ. ಅದು ಹೆತ್ತವರು ಇಟ್ಟ ಹೆಸರಲ್ಲ. ನಮ್ಮದು ಶೀತಲ ಗೋದಾಮು. ಬಟಾಣಿ, ಮೀನು, ಬೆಣ್ಣೆ ಎಲ್ಲ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ ಕಲ್ಲಾಗಿ ಕೂತಿರುವ ಜಾಗ. ಬಾಗಿಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಮೇಲಿನ ಕೆಂಪು ದೀಪ ಹತ್ತಿ ಗಂಟೆ ಬಡಿಯುತ್ತದೆ. ಗಂಟೆಗಿಂತ ಮೊದಲೇ ಒಳಗಿನಿಂದ ಭಾವ ಕೂಗುತ್ತಾರೆ: "ಮುಚ್ಚಪ್ಪಾ, ಮುಚ್ಚು!" ಕೂಗಿದ ಮಾತೇ ಕೂಗಿದವರಿಗೆ ಅಂಟಿಕೊಂಡಿತು.

ನಲವತ್ತು ನಿಮಿಷ ಒಳಗೆ, ಹದಿನೈದು ನಿಮಿಷ ಹೊರಗೆ ಬಿಸಿ ಕೋಣೆಯ ಬೆಂಚಿನ ಮೇಲೆ. ಹತ್ತೊಂಬತ್ತು ವರ್ಷದಿಂದ ಇದೇ. ಒಳಗಿಟ್ಟ ಮಾಲು ಕೆಡಬಾರದೆಂದರೆ ಸುಮ್ಮಸುಮ್ಮನೆ ಬಾಗಿಲು ತೆಗೆಯಬಾರದು ಎನ್ನುವುದು ಅವರ ರಕ್ತಕ್ಕೇ ಇಳಿದುಬಿಟ್ಟಿದೆ. ಮನೆಯಲ್ಲಿ ಅಕ್ಕ ಫ್ರಿಜ್ ತೆಗೆದು ಯೋಚಿಸುತ್ತ ನಿಂತರೆ ಅವರಿಗೆ ಮೈಯೆಲ್ಲ ಉರಿ. "ಯೋಚ್ನೆ ಹೊರಗೆ ಮಾಡು ಮಾರಾಯ್ತಿ, ಆಮೇಲೆ ತೆಗಿ" ಎನ್ನುತ್ತಾರೆ.

ನಿವೃತ್ತಿ ಖಾತೆಯನ್ನೂ ಅವರು ಹಾಗೆಯೇ ನೋಡಿಕೊಂಡರು. ತಿಂಗಳು ತಿಂಗಳು ಸಂಬಳದಲ್ಲಿ ಒಂದಿಷ್ಟು ಹಿಡಿದು, ಕಂಪನಿ ತನ್ನ ಪಾಲೂ ಸೇರಿಸಿ ಅದರಲ್ಲಿ ಹಾಕುತ್ತದೆ. ವರ್ಷಕ್ಕೊಂದು ಲಕೋಟೆ ಮನೆಗೆ ಬರುತ್ತದೆ. ಭಾವ ಅದನ್ನು ಒಡೆಯದೆ ಟ್ರಂಕಿನಲ್ಲಿ ಜೋಡಿಸುತ್ತಿದ್ದರು, ಗೋದಾಮಿನ ಪೆಟ್ಟಿಗೆಗಳ ಕ್ರಮದಲ್ಲೇ: ಹಳೆಯದು ಮುಂದೆ, ಹೊಸದು ಹಿಂದೆ. "ಒಳಗಿದೆ ತಾನೇ, ಇರ್ಲಿ ಬಿಡು" ಎಂದರೆ ಮುಗಿಯಿತು.

ಈ ವರ್ಷ ಅವರ ಬಲಗೈಯ ಎರಡು ಬೆರಳಿನ ತುದಿ ಬೆಳ್ಳಗಾಗಿ ಮರಗಟ್ಟಿದವು. ಸುಡುವ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಸೂಜಿಯಿಂದ ಚುಚ್ಚಿ ನೋಡಿ, "ಚಳೀಲಿ ಕೆಲಸ ಬಿಡಿ. ಇಲ್ಲಾಂದ್ರೆ ಈ ಎರಡು ಬೆರಳು ಉಳಿಯೋದು ಕಷ್ಟ" ಎಂದರು. ಭಾವನಿಗೆ ಐವತ್ತಾರು, ನಿವೃತ್ತಿ ಅರುವತ್ತಕ್ಕೆ. ಹೊರಗಿನ ಕೆಲಸ ಯಾವುದೂ ಖಾಲಿಯಿಲ್ಲವೆಂದು ಮ್ಯಾನೇಜರ್ ಆಗಲೇ ಕೈ ತೊಳೆದುಕೊಂಡಿದ್ದ. ಖಾತೆಯಲ್ಲಿ ಸಾಕಷ್ಟಿದ್ದರೆ ಈಗಲೇ ಬಿಟ್ಟುಬಿಡಲಿ ಎಂದು ಅಕ್ಕ ಹಟ ಹಿಡಿದಳು. "ನೀನೂ ಜೊತೇಲಿ ಹೋಗೋ. ಅವ್ರಿಗೆ ಕಾಗದ ಪತ್ರ ತಲೆಗೆ ಹೋಗಲ್ಲ" ಎಂದು ನನ್ನನ್ನೂ ಕಳಿಸಿದಳು. ನಾನು ಅದೇ ಗೋದಾಮಿನಲ್ಲಿ ಮಾಲು ಸಾಗಣೆಯ ಗುಮಾಸ್ತ. ಭಾವನನ್ನು ಕೆಲಸಕ್ಕೆ ಸೇರಿಸಿದವನೂ ನಾನೇ.

ಸಿಬ್ಬಂದಿ ವಿಭಾಗದ ಮೇಡಂ ಕಂಪ್ಯೂಟರಿನಲ್ಲಿ ಖಾತೆ ತೆಗೆದರು. "ಇವ್ರು ಯಾವ ಫಂಡೂ ಆರಿಸಿಲ್ವಲ್ಲ. ದುಡ್ಡೆಲ್ಲ ಬಂದು ಬಂದು ಇಲ್ಲೇ ಕೂತಿದೆ."

"ಒಳಗಿದೆ ತಾನೇ?" ಭಾವ ಕೇಳಿದರು.

"ಇದೆ. ಹಾಕಿದ್ದು ಹಾಕಿದಷ್ಟು, ಜೊತೆಗೆ ಚೂರುಪಾರು ಬಡ್ಡಿ."

"ಕೆಟ್ಟಿಲ್ಲ ತಾನೇ?"

ಮೇಡಂ ನನ್ನ ಮುಖ ನೋಡಿದರು. "ಕೆಟ್ಟಿಲ್ಲ ಸಾರ್. ಬೆಳೀಲಿಲ್ಲ ಅಷ್ಟೇ. ಖಾತೆಗೆ ದುಡ್ಡು ಬರುತ್ತೆ, ಅಲ್ಲಿಂದ ಷೇರಿಗೋ ಸಾಲಪತ್ರಕ್ಕೋ ಯಾವ ಫಂಡಿಗೆ ಹೋಗ್ಬೇಕು ಅಂತ ನೀವು ಬರ್ದುಕೊಡ್ಬೇಕಿತ್ತು. ಈಗ ಕೆಲಸ ಬಿಟ್ರೆ ಇದು ಮೂರು ವರ್ಷಕ್ಕೆ ಮುಗಿಯುತ್ತೆ."

ಭಾವ ಹೂಂ ಎಂದರು. ಮರಗಟ್ಟಿದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೂತರು. ಸಿಟ್ಟಿಲ್ಲ, ಗಾಬರಿಯಿಲ್ಲ.

ಮೇಡಂ, ಭಾವ ಕೆಲಸಕ್ಕೆ ಸೇರುವಾಗ ಕೊಟ್ಟಿದ್ದ ಖಾತೆಯ ಅರ್ಜಿ ತೆಗೆದು ಪರದೆ ನಮ್ಮ ಕಡೆ ತಿರುಗಿಸಿದರು. ಎರಡು ಪುಟ ಭರ್ತಿಯಾಗಿದ್ದವು, ನನ್ನ ಕೈಬರಹದಲ್ಲಿ. ಮೂರನೇ ಪುಟದಲ್ಲಿ ಹದಿನಾಲ್ಕು ಫಂಡುಗಳ ಪಟ್ಟಿ, ಎದುರಿಗೆ ಹದಿನಾಲ್ಕು ಖಾಲಿ ಚೌಕ. ಆ ದಿನ ಚೆನ್ನಾಗಿ ನೆನಪಿದೆ. ಆ ಪಟ್ಟಿಯ ತಲೆಬುಡ ನನಗೆ ತಿಳಿದಿರಲಿಲ್ಲ. ತಿಳಿಯದು ಎನ್ನಲು ಜಂಬ ಬಿಡಲಿಲ್ಲ. "ಇದೇನೂ ಬೇಕಾಗಿಲ್ಲ ಭಾವ, ಕೆಳಗೊಂದು ಸಹಿ ಹಾಕಿ, ಮರ್ತುಬಿಡಿ" ಎಂದಿದ್ದೆ. ಮೂರು ವರ್ಷದ ಮೇಲೆ ಯಾರೋ ಕ್ಯಾಂಟೀನಿಗೆ ಬಂದು ಎಲ್ಲರಿಗೂ ಇದನ್ನು ವಿವರಿಸಿದಾಗ ನನ್ನ ಪುಟವನ್ನು ನಾನು ತುಂಬಿದೆ. ಭಾವ ಆಗ ಒಳಗಿದ್ದರು. ಸಂಜೆ ಹೇಳೋಣವೆಂದುಕೊಂಡವನು ಮರೆತೆ. ನನ್ನ ದುಡ್ಡು ಈಗ ಎರಡೂವರೆ ಪಟ್ಟಾಗಿದೆ.

"ಈ ಬರಹ ಯಾರದು? ನಿಮ್ದೇನಾ ಸಾರ್?" ಮೇಡಂ ಕೇಳಿದರು.

ಭಾವ ಪರದೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಹೂಂ, ನಂದೇ" ಎಂದರು.

ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾದೀತು. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಮೇಡಂ ಹೊಸ ಪುಟ ಕೊಟ್ಟು ತಾಳ್ಮೆಯಿಂದ ತಿಳಿಸಿದರು. ಬರೀ ಷೇರಿನದು ಏರುತ್ತದೆ, ಧೊಪ್ಪನೆ ಬೀಳಲೂ ಬಹುದು. ನಾಲ್ಕೇ ವರ್ಷ ಉಳಿದವರಿಗೆ ಬಿದ್ದದ್ದು ಏಳುವವರೆಗೆ ಕಾಯಲು ಪುರುಸೊತ್ತಿಲ್ಲ. ಸಾಲಪತ್ರಗಳದು ನಿಧಾನ. ಎರಡನ್ನೂ ಬೆರೆಸಿದ್ದು ಒಂದಿದೆ, ನಿವೃತ್ತಿ ಹತ್ತಿರವಾದಂತೆ ಅದು ತಾನಾಗಿಯೇ ಷೇರಿನ ಪಾಲು ಇಳಿಸುತ್ತ ಬರುತ್ತದೆ. ಕೊನೆಯ ಅಂಕಣದಲ್ಲಿ ಪ್ರತಿ ಫಂಡೂ ನಿರ್ವಹಣೆಯ ಖರ್ಚೆಂದು ವರ್ಷಕ್ಕೆ ಎಷ್ಟು ಮುರಿದುಕೊಳ್ಳುತ್ತದೆ ಎಂದಿತ್ತು. ಅಲ್ಲಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಭಾವ ಬೆರಕೆಯದರ ಮೇಲೆ ಬೆರಳಿಟ್ಟರು. "ಇದನ್ನ ತೆಗ್ದು ನೋಡ್ತಾ ಇರ್ಬೇಕಾ?"

"ವರ್ಷಕ್ಕೊಂದ್ಸಲ ಲಕೋಟೆ ಒಡೀರಿ ಸಾಕು."

ಸಹಿ ಮಾಡುವಾಗ ಪೆನ್ನು ಎರಡು ಸಲ ಜಾರಿತು. ಮೂರನೇ ಸಲ ಅದನ್ನು ಮುಷ್ಟಿಯಲ್ಲಿ ಹಿಡಿದು ಗೀಚಿದರು.

ಕಾರಿಡಾರಿನಲ್ಲಿ ನಾನು, "ಭಾವ, ಆ ಬರಹ..." ಎಂದೆ.

"ಗೊತ್ತು ಕಣೋ. ನಿಮ್ಮಕ್ಕಂಗೆ ಹೇಳ್ಬೇಡ. ನಂದು ತಪ್ಪು ಅಂದ್ರೆ ಎರಡು ದಿನ ಬೈದು ಸುಮ್ನಾಗ್ತಾಳೆ. ನಿಂದು ಅಂದ್ರೆ ಅವ್ಳಿಗೆ ತವರೇ ಇಲ್ದಂಗಾಗುತ್ತೆ."

"ಮತ್ತೆ ಕೆಲಸ?"

"ಇನ್ನು ನಾಲ್ಕು ವರ್ಷ ತಾನೇ."

ಅಕ್ಕ ಎರಡು ದಿನ ಬೈದಳು. ಭಾವ ತಲೆ ತಗ್ಗಿಸಿ ಬೈಸಿಕೊಂಡರು. ನಾನು ಅಲ್ಲೇ ಕೂತು ಅವಳು ಕೊಟ್ಟ ಕಾಫಿ ಕುಡಿದೆ.

ಮೂರನೇ ದಿನ ಬೆಳಿಗ್ಗೆ ಭಾವ ದಪ್ಪ ಕೋಟು ತೊಟ್ಟು, ಬಲಗೈಗೆ ಮಾತ್ರ ಮೂರು ಗ್ಲೌಸು ಒಂದರ ಮೇಲೊಂದು ಹಾಕಿಕೊಂಡು ಒಳಗೆ ಹೋದರು. ನಾನು ಸಾಗಣೆ ಚೀಟಿ ಹಿಡಿದು ಬಾಗಿಲಲ್ಲೇ ನಿಂತೆ. ಪೆಟ್ಟಿಗೆಗಳ ಸಾಲಿನ ನಡುವೆ ಅವರ ಬೆನ್ನು ಸಣ್ಣದಾಗುತ್ತ ಹೋಯಿತು. ಅಕ್ಕನಿಗೆ ಇವತ್ತು ಹೇಳಿಬಿಡಬೇಕು ಎಂದುಕೊಂಡೆ. ನಿನ್ನೆಯೂ ಹಾಗೆಯೇ ಅಂದುಕೊಂಡಿದ್ದೆ. ತಣ್ಣನೆಯ ಹೊಗೆ ನನ್ನ ಕಾಲ ಮೇಲೆ ಹರಿಯುತ್ತಿತ್ತು, ಮೇಲೆ ಕೆಂಪು ದೀಪ ಹತ್ತಿತು.

"ಮುಚ್ಚಪ್ಪಾ, ಮುಚ್ಚು!" ಒಳಗಿನಿಂದ ಭಾವ ಕೂಗಿದರು.

ಅವರು ಒಳಗಿರುವಾಗಲೇ ನಾನು ಬಾಗಿಲು ಮುಚ್ಚಿದೆ.